ಅಂಕಿ ಕೈಕೊಟ್ಟಾಗ

(ದಾದರಿನಲ್ಲಿ ಸಂಘದ ಕಾರ್ಯಕರ್ತರ ಹಾಗೂ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನಗಳಲ್ಲಿ ಪಂಪನ ವಿಚಾರವಾಗಿ, ಕುಮಾರವ್ಯಾಸನ ವಿಚಾರವಾಗಿ ಮಾತನಾಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ಅಷ್ಟು ಎತ್ತರದ್ದಲ್ಲ. ಆಮಂತ್ರಣ ಪತ್ರಿಕೆ, ಫಲಕ, ಮನೆಯ ನಕ್ಷೆ, ಪುಸ್ತಕದ ಪುಟ ಮೊದಲಾದುವನ್ನು ಕಂಪ್ಯೂಟರಿನಲ್ಲಿ ರಚಿಸುವ ವಿನ್ಯಾಸ ತಂತ್ರಾಂಶಗಳಲ್ಲಿ ಅಂಕಿಯನ್ನು ಒತ್ತಿದರೆ ಅಂಕಿ ಮೂಡದಿರುವುದು, ಒತ್ತಿದ್ದು ಒಂದು ಮೂಡಿದ್ದು ಇನ್ನೊಂದು ಆಗುವುದು, ಮೂಡಿದ ಅಂಕಿಯನ್ನು ಯಂತ್ರ ತನಗೆ ತೋಚಿದ ಹಾಗೆ ಅರ್ಥಮಾಡಿಕೊಳ್ಳುವುದು, ಈ ಮೂರು ಬಗೆಯ ತೊಂದರೆಗಳಿಗೆ ಕಾರಣವೇನು, ಅವನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬುದೇ ಇಂದಿನ ಮಾತು. ಬ್ಯಾಂಕಿನ ಗುಮಾಸ್ತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ತಾವು ಕೇಳಬಹುದು. ಚಿತ್ರಕಲೆಯಲ್ಲಿ ನನಗೆ ಗೆರೆ ಎಳೆಯಲೂ ಬಾರದು. ಆದರೆ ಬೆಳಗಿನಿಂದ ಸಂಜೆಯವರೆಗೆ ಅಂಕಿಗಳನ್ನೇ ಒತ್ತಿ ಹೊಟ್ಟೆ ಹೊರೆಯುವವನು ನಾನು. ಅಂಕಿ ಯಾವ ಯಾವ ರೀತಿಯಲ್ಲಿ ಕೈಕೊಡುತ್ತದೆ ಎಂಬುದು ನನಗೆ ಸ್ವಲ್ಪಮಟ್ಟಿಗೆ ಗೊತ್ತು.

ನಮ್ಮ ಹಿಂದಿನವರು ಊರು ಬಿಟ್ಟು ಮುಂಬಯಿಗೆ ಬಂದಾಗ ಹೋಟೆಲಿನಲ್ಲಿ, ಗಿರಣಿಯಲ್ಲಿ, ಆಫೀಸುಗಳಲ್ಲಿ ದುಡಿದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದರು. ಅವರ ಮೊಮ್ಮಕ್ಕಳಲ್ಲಿ ಈಗ ಎಷ್ಟೋ ಜನ ವಿನ್ಯಾಸದ ಕೆಲಸದಲ್ಲಿದ್ದಾರೆ. ಒಬ್ಬಳು ಒಳಾಂಗಣ ಅಲಂಕಾರದ ಆಫೀಸಿನಲ್ಲಿ ಕಪಾಟುಗಳ ನಕ್ಷೆ ಬರೆಯುತ್ತಾಳೆ, ಒಬ್ಬ ಸ್ಟೇಷನ್ನಿನ ಬಳಿಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸುತ್ತಾನೆ, ಇನ್ನೊಬ್ಬ ಫ್ಲೆಕ್ಸ್ ಮುದ್ರಿಸುವಲ್ಲಿ ಕುಳಿತಿರುತ್ತಾನೆ. ಇಂಥ ಕೆಲಸದಲ್ಲಿ ಅಕ್ಷರ ತಪ್ಪಿದರೆ ಓದುವವರು ನಕ್ಕು ಸುಮ್ಮನಾಗುತ್ತಾರೆ. ಅಂಕಿ ತಪ್ಪಿದರೆ ಯಾರೂ ನಗುವುದಿಲ್ಲ. ಹತ್ತು ಅಡಿಯ ಬ್ಯಾನರು ನಾಲ್ಕು ಅಡಿಯದಾಗಿ ಬಂದರೆ ಬಟ್ಟೆಯ ಖರ್ಚನ್ನು ಅನೇಕ ಕಡೆ ಹುಡುಗನ ಕೂಲಿಯಿಂದ ಮುರಿದುಕೊಳ್ಳುತ್ತಾರೆ. ಆದುದರಿಂದ ಈ ಮಾತು ಯಂತ್ರದ ಕುತೂಹಲಕ್ಕಾಗಿ ಮಾತ್ರವಲ್ಲ.

ತೊಂದರೆ ಬಂದ ಕೂಡಲೆ ಮಾಡತಕ್ಕ ಮೊದಲ ಕೆಲಸವೆಂದರೆ ಆ ವಿನ್ಯಾಸದ ತಂತ್ರಾಂಶವನ್ನು ಬಿಟ್ಟು ಹೊರಗೆ ಬರುವುದು. ನೋಟ್‌ಪ್ಯಾಡಿನಂಥ ಬರಿಯ ಕಾಗದವೊಂದನ್ನು ತೆರೆದು, ಅದರಲ್ಲಿ ಮೇಲಿನ ಸಾಲಿನಿಂದ 1ರಿಂದ 0ಯವರೆಗೆ ಒತ್ತಿ ನೋಡಬೇಕು. ಅನಂತರ ಬಲಗಡೆಯ ಅಂಕಿಯ ಫಲಕದಿಂದ ಅದೇ ಹತ್ತನ್ನು ಒತ್ತಿ ನೋಡಬೇಕು. ಎರಡೂ ಕಡೆ ಅಂಕಿಗಳು ಸರಿಯಾಗಿ ಬಂದರೆ ಕೀಲಿಮಣೆಯಲ್ಲಿ ದೋಷವಿಲ್ಲ, ದೋಷ ತಂತ್ರಾಂಶದ ಒಳಗಿದೆ ಎಂದಾಯಿತು. ಒಂದು ಕಡೆ ಮಾತ್ರ ಬಂದರೆ ದೋಷ ಎಲ್ಲಿದೆ ಎಂಬುದರ ಅರ್ಧ ತಿಳಿದಂತಾಯಿತು. ಎಲ್ಲಿಯೂ ಒಂದೇ ಒಂದು ಅಂಕಿ ಮಾತ್ರ ಬಾರದಿದ್ದರೆ ಆ ಕೀಲಿಯ ಕೆಳಗೆ ಧೂಳೋ ಚಹವೋ ಸೇರಿರಬೇಕು. ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಆದರೂ ಜನ ಇದನ್ನು ಮಾಡದೆ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ, ಹೊಸ ಕೀಲಿಮಣೆ ತರುತ್ತಾರೆ.

ಬಲಗಡೆಯ ಫಲಕ ಮಾತ್ರ ಕೈಕೊಟ್ಟಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಕಾರಣ ನಮ್‌ಲಾಕ್ ಎಂಬ ಒಂದು ಗುಂಡಿ. ಈ ಗುಂಡಿ ಯಾಕೆ ಇದೆ ಎಂದು ತಿಳಿದರೆ ಅದರ ಮೇಲಿನ ಸಿಟ್ಟು ಸ್ವಲ್ಪ ಇಳಿದೀತು. 1981ರಲ್ಲಿ ಐಬಿಎಂ ಕಂಪೆನಿಯ ಪಿಸಿ ಬಂದಾಗ ಅದರ ಕೀಲಿಮಣೆಯಲ್ಲಿ 83 ಕೀಲಿಗಳಿದ್ದುವು. ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಹೋಗುವ ಬಾಣದ ಕೀಲಿಗಳಿಗೆ ಅದರಲ್ಲಿ ಬೇರೆ ಜಾಗವಿರಲಿಲ್ಲ. ಅಂಕಿಯ ಫಲಕವೇ ಎರಡು ಸಂಸಾರಗಳನ್ನು ಸಾಗಿಸಬೇಕಾಗಿತ್ತು. ನಮ್‌ಲಾಕ್ ಹತ್ತಿದ್ದರೆ ಅಂಕಿ, ಆರಿದ್ದರೆ ಬಾಣ. 1980ರ ದಶಕದ ಮಧ್ಯದಲ್ಲಿ 101 ಕೀಲಿಗಳ ದೊಡ್ಡ ಮಣೆ ಬಂದು ಬಾಣಗಳಿಗೆ ಸ್ವಂತ ಮನೆ ದೊರೆಯಿತು. ಆದರೂ ಹಳೆಯ ಒಕ್ಕಲು ಖಾಲಿಮಾಡಲಿಲ್ಲ. ಮುಂಬಯಿಯ ಪಗಡಿ ಮನೆಗಳ ವಿಚಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್‌ಲಾಕ್ ಆರಿರುವಾಗ 8 ಮೇಲಿನ ಬಾಣ, 2 ಕೆಳಗಿನ ಬಾಣ, 4 ಎಡ, 6 ಬಲ; 7 ಎಂಬುದು ಸಾಲಿನ ಆರಂಭಕ್ಕೆ, 1 ಎಂಬುದು ಕೊನೆಗೆ; 9 ಮತ್ತು 3 ಹಿಂದಿನ ಪುಟ, ಮುಂದಿನ ಪುಟ; ಬಿಂದುವಿನ ಕೀಲಿ ಅಳಿಸುವ ಕೀಲಿ. ನಡುವಿನ 5 ಏನನ್ನೂ ಮಾಡದೆ ಕುಳಿತಿರುತ್ತದೆ. ಬರಿಯ ಬರವಣಿಗೆಯಲ್ಲಾದರೆ ಇದು ಕೂಡಲೆ ಗೊತ್ತಾಗುತ್ತದೆ. ವಿನ್ಯಾಸದಲ್ಲಿ ಹಾಗಲ್ಲ, ಅಲ್ಲಿ ಬಾಣಕ್ಕೂ ಕೆಲಸವಿದೆ. ಚಿತ್ರವೊಂದನ್ನು ಹಿಡಿದಿರುವಾಗ ಬಾಣವನ್ನು ಒತ್ತಿದರೆ ಆ ಚಿತ್ರ ಕೂದಲೆಳೆಯಷ್ಟು ಸರಿಯುತ್ತದೆ. ಅಳತೆಯ ಚೌಕದೊಳಗೆ ಇರುವಾಗ ಅನೇಕ ತಂತ್ರಾಂಶಗಳಲ್ಲಿ ಮೇಲಿನ ಬಾಣ ಅಳತೆಯನ್ನು ಒಂದು ಹೆಚ್ಚಿಸುತ್ತದೆ, ಕೆಳಗಿನ ಬಾಣ ಒಂದು ಕಡಮೆ ಮಾಡುತ್ತದೆ. ಅಲ್ಲಿಗೆ 82 ಎಂದು ಒತ್ತಿದರೆ ಒಂದು ಏರಿ ಒಂದು ಇಳಿದು ಅಳತೆ ಇದ್ದಲ್ಲಿಯೇ ನಿಲ್ಲುತ್ತದೆ! ಒತ್ತಿದವರು ಯಂತ್ರ ತಮ್ಮ ಮಾತು ಕೇಳುತ್ತಿಲ್ಲ ಎಂದುಕೊಳ್ಳುತ್ತಾರೆ; ಯಂತ್ರವಾದರೋ ಎರಡು ಆಜ್ಞೆಗಳನ್ನೂ ಚಾಚೂ ತಪ್ಪದೆ ನಡೆಸಿರುತ್ತದೆ.

ನಮ್ಮ ಪೈಕಿ ಒಬ್ಬ ಹುಡುಗಿಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅವಳ ಹೆಸರೂ ಆಫೀಸಿನ ಹೆಸರೂ ಬೇಡ. ಅವಳ ತಂದೆ ನನಗೆ ಪರಿಚಿತರು, ಕುಂದಾಪುರದ ಕಡೆಯವರು. ಅಚ್ಚಿನ ಕೆಲಸದ ಆಫೀಸೊಂದರಲ್ಲಿ ಸೇರಿದ ಮೊದಲನೆಯ ವಾರವೇ ಅವಳು ಜೋಡಿಸಿದ ಪುಟಗಳಲ್ಲಿ ಚಿತ್ರಗಳು ಕೂದಲೆಳೆಯಷ್ಟು ಸರಿದಿದ್ದುವು. ಎರಡು ಅಳತೆಗಳು ಹಳೆಯವೇ ಉಳಿದಿದ್ದುವು. ಮೇಲಿನವರು ಗದರಿದರು. "ಅಂಕಿ ಒತ್ತಲೂ ಬಾರದವಳನ್ನು ಯಾರು ಕಳಿಸಿದರು" ಎಂದರಂತೆ. ಹುಡುಗಿ ಮನೆಗೆ ಬಂದು ಊಟ ಬಿಟ್ಟಳು. ಕೆಲಸ ಬಿಡುತ್ತೇನೆ ಎಂದಳು. ತಂದೆ ನನ್ನನ್ನು ಕರೆದು, "ನೀವು ಕಂಪ್ಯೂಟರಿನ ಮುಂದೆಯೇ ಇರುವವರಲ್ಲವೆ, ಸ್ವಲ್ಪ ನೋಡಿ ಮಾರಾಯ್ರೆ" ಎಂದರು. ಯಂತ್ರ ಆಫೀಸಿನಲ್ಲಿ, ನಾನು ಅವರ ಮನೆಯಲ್ಲಿ! ನೋಡುವುದೇನು? ನಾನು ಕೇಳಿದ್ದು ಒಂದೇ ಪ್ರಶ್ನೆ: "5 ಒತ್ತಿದರೆ ಏನಾಗುತ್ತದೆ ತಂಗಿ?" ಅವಳು ಸ್ವಲ್ಪ ಯೋಚಿಸಿ, "5 ಮಾತ್ರ ಏನೂ ಆಗುವುದಿಲ್ಲ ಅಣ್ಣ, ಉಳಿದವು ಏನೋ ಒಂದು ಮಾಡುತ್ತವೆ" ಎಂದಳು. ಮರುದಿನ ಅವಳು ಮೊದಲು ಮಾಡಿದ ಕೆಲಸ ನಮ್‌ಲಾಕ್ ಒತ್ತಿದ್ದು. ಆ ಕೀಲಿಮಣೆಯಲ್ಲಿ ಅದರ ದೀಪವೇ ಇರಲಿಲ್ಲವಂತೆ. ಈಚಿನ ಅನೇಕ ಅಗ್ಗದ ಮಣೆಗಳಲ್ಲಿ ದೀಪವಿರುವುದಿಲ್ಲ. ಹಿಂದೆ ಆ ಜಾಗದಲ್ಲಿ ಕುಳಿತಿದ್ದವರು ಫಲಕವನ್ನು ಬಾಣವಾಗಿ ಬಳಸುತ್ತಿದ್ದರೆಂದು ತೋರುತ್ತದೆ. ಗದರಿದವರು ಆಮೇಲೆ ಏನೆಂದರೋ ನಾನು ಕೇಳಲಿಲ್ಲ. ಹುಡುಗಿ ಇಂದಿಗೂ ಅದೇ ಕೆಲಸದಲ್ಲಿದ್ದಾಳೆ, ಸಂಬಳವೂ ಹೆಚ್ಚಾಗಿದೆ. ಒಂದು ಗುಂಡಿಯ ದೆಸೆಯಿಂದ ಒಂದು ಮನೆಯ ಅನ್ನಕ್ಕೆ ಕಲ್ಲು ಬೀಳುವುದಿತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ಆಶ್ಚರ್ಯವಾಗುತ್ತದೆ.

ನಮ್‌ಲಾಕ್ ಹತ್ತಿದ್ದೂ ಫಲಕ ಅಂಕಿ ಕೊಡದೆ, ಪರದೆಯ ಮೇಲಿನ ಮೌಸಿನ ಬಾಣವೇ ತೆವಳತೊಡಗಿದರೆ ಅದು ಬೇರೆ ರೋಗ. ಕೈಯಲ್ಲಿ ಮೌಸನ್ನು ಹಿಡಿಯಲಾರದವರ ಅನುಕೂಲಕ್ಕಾಗಿ ವಿಂಡೋಸಿನಲ್ಲಿ ಮೌಸ್ ಕೀಸ್ ಎಂಬ ಏರ್ಪಾಡಿದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್‌ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಅದನ್ನು ಆರಂಭಿಸಬಹುದು. ವಿನ್ಯಾಸ ಮಾಡುವವರ ಎಡಗೈ ಸದಾ ಆಲ್ಟ್ ಮತ್ತು ಶಿಫ್ಟಿನ ಮೇಲೆಯೇ ಇರುವುದರಿಂದ ಅರಿವಿಲ್ಲದೆ ಇದು ಹತ್ತಿಕೊಳ್ಳುತ್ತದೆ. ಪರದೆಯ ಮೇಲೆ ಬರುವ ಪ್ರಶ್ನೆಯನ್ನು ಓದದೆ ಎಂಟರ್ ಒತ್ತುವುದು ನಮ್ಮೆಲ್ಲರ ಸ್ವಭಾವವಷ್ಟೆ. ಅದೇ ಮೂರನ್ನು ಮತ್ತೊಮ್ಮೆ ಒತ್ತಿದರೆ ಆರುತ್ತದೆ.

ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಇದರ ತಲೆಕೆಳಗಾದ ಕಾಟವಿದೆ. ಅವುಗಳಲ್ಲಿ ಬಲಗಡೆಯ ಫಲಕಕ್ಕೆ ಜಾಗವಿಲ್ಲದ ಕಾರಣ ಕೆಲವು ಮಾದರಿಗಳಲ್ಲಿ ಅಕ್ಷರಗಳ ನಡುವೆಯೇ ಅಂಕಿಗಳನ್ನು ಅಡಗಿಸಿದ್ದಾರೆ: ಜೆ, ಕೆ, ಎಲ್ ಒತ್ತಿದರೆ 1, 2, 3, ಯು, ಐ, ಓ ಒತ್ತಿದರೆ 4, 5, 6, ಎಂ ಒತ್ತಿದರೆ ಸೊನ್ನೆ. ಅಲ್ಲಿ ನಮ್‌ಲಾಕ್ ಹತ್ತಿತೆಂದರೆ ಹೆಸರು ಬರೆಯಹೋದವನಿಗೆ ಲೆಕ್ಕ ಸಿಗುತ್ತದೆ. ಕನ್ನಡ ಬರೆಯುವಾಗಂತೂ ಅರ್ಧ ಅಕ್ಷರಗಳು ಅಕ್ಷರವಾಗಿ ಅರ್ಧ ಅಂಕಿಯಾಗಿ ಬಂದು, ಕನ್ನಡದ ತಂತ್ರಾಂಶವೇ ಕೆಟ್ಟಿತೆಂದು ಜನ ಬಯ್ಯುತ್ತಾರೆ. ಎಫ್‌ಎನ್ ಕೀಲಿಯನ್ನು ಹಿಡಿದು ನಮ್‌ಲಾಕ್ ಒತ್ತಿದರೆ ಸಾಕು.

ಇನ್ನು ಕೀಲಿಮಣೆ ಸರಿಯಿದ್ದೂ ತಂತ್ರಾಂಶದ ಒಳಗೆ ಅಂಕಿ ದಾರಿತಪ್ಪುವ ವಿಷಯ. ಬ್ಯಾಂಕಿನ ಕಿಟಕಿಯಲ್ಲಿ ಚೀಟಿಯನ್ನು ಒಳಗೆ ತಳ್ಳಿದರೆ ಅದು ಅಲ್ಲಿ ಕುಳಿತವನ ಕೈಗೇ ಹೋಗುತ್ತದೆ; ಅವನು ಯಾವ ವಿಭಾಗದವನೆಂದು ತಳ್ಳುವ ಮುಂಚೆ ನೋಡಬೇಕಾದವರು ನಾವು. ಹಾಗೆಯೇ ಒತ್ತಿದ ಅಂಕಿ ಆ ಗಳಿಗೆಯಲ್ಲಿ ಯಾವ ಚೌಕ ಕಿವಿಗೊಟ್ಟಿದೆಯೋ ಅದಕ್ಕೆ ಹೋಗುತ್ತದೆ. ಫೋಟೋಶಾಪಿನಲ್ಲಿ ಅಳತೆಯ ಚೌಕದ ಮೇಲೆ ಮೊದಲು ಒತ್ತದೆ, ಚಿತ್ರವನ್ನು ಸರಿಸುವ ಉಪಕರಣ ಹಿಡಿದುಕೊಂಡು 5 ಒತ್ತಿದರೆ ಆ ಪದರ ನೂರಕ್ಕೆ ಐವತ್ತರಷ್ಟು ತೆಳುವಾಗುತ್ತದೆ. 45 ಎಂದು ಬೇಗ ಬೇಗ ಒತ್ತಿದರೆ ನಲವತ್ತೈದರಷ್ಟು. ಸೊನ್ನೆ ಒತ್ತಿದರೆ ಮತ್ತೆ ಪೂರ್ತಿಯಾಗುತ್ತದೆ. ಚಿತ್ರ ಮಸುಕಾಗಿದೆಯೆಂದು ಫೋಟೋಗ್ರಾಫರನ್ನು ದೂರುವ ಮುನ್ನ ಸೊನ್ನೆ ಒತ್ತಿ ನೋಡಿ. ಸ್ಕೆಚಪ್ಪಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗೆರೆ ಎಳೆದೊಡನೆ ಚೌಕದ ಮೇಲೆ ಮೌಸನ್ನು ಒತ್ತದೆ ಸುಮ್ಮನೆ ಅಂಕಿ ಒತ್ತಿ ಎಂಟರ್ ಕೊಡಬೇಕು.

ಅಲ್ಪವಿರಾಮದ ವಿಚಾರ ನನಗೆ ಬಲು ಪ್ರಿಯವಾದುದು. ಒಂದು ಲಕ್ಷದ ಇಪ್ಪತ್ತೈದು ಸಾವಿರವನ್ನು ನಾವು 1,25,000 ಎಂದು ಬರೆಯುತ್ತೇವೆ, ಬ್ಯಾಂಕಿನಲ್ಲಿ ಹಾಗೆ ಬರೆಯದಿದ್ದರೆ ಕಣ್ಣಿಗೆ ಒಗ್ಗುವುದೇ ಇಲ್ಲ. ಆದರೆ ಆಟೋಕ್ಯಾಡ್ ಎಂಬ ನಕ್ಷೆಯ ತಂತ್ರಾಂಶಕ್ಕೆ ಅಲ್ಪವಿರಾಮವೆಂದರೆ ಗೋಡೆ. ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಬೇರೆ ಬೇರೆ ಮಾಡುವ ಗುರುತು ಅದು. ಬಿಂದುವನ್ನು ಕೇಳುವ ಕಡೆ 12,500 ಎಂದು ಕೊಟ್ಟರೆ ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಐನೂರು ಎಂದು ಅದು ತಿಳಿಯುತ್ತದೆ. ವೃತ್ತದ ತ್ರಿಜ್ಯ ಎಷ್ಟು ಎಂದು ಕೇಳಿದಾಗಲೂ ಹೀಗೆ ಕೊಟ್ಟರೆ, ಕೇಂದ್ರದಿಂದ ಆ ಬಿಂದುವಿನವರೆಗಿನ ದೂರವನ್ನೇ ತ್ರಿಜ್ಯವೆಂದು ಹಿಡಿದು ವೃತ್ತವನ್ನು ಬರೆದುಬಿಡುತ್ತದೆ. ಒಂದು ಮಾತೂ ದೂರುವುದಿಲ್ಲ. ಅಲ್ಲಿ 12500 ಎಂದು ಬಿಡಿಸದೆ ಒತ್ತಬೇಕು. ಅದೇ ರೀತಿ ಆಟೋಕ್ಯಾಡಿನಲ್ಲಿ ಅಂಕಿಯ ನಡುವೆ ಜಾಗ ಬಿಡುವ ಹಾಗಿಲ್ಲ. ಜಾಗದ ಕೀಲಿಯೇ ಅಲ್ಲಿ ಎಂಟರ್. ಐದು ಅಡಿ ಆರೂವರೆ ಅಂಗುಲವನ್ನು ಅಡಿ ಅಂಗುಲದ ಲೆಕ್ಕದಲ್ಲಿ 5'6-1/2" ಎಂದು ನಡುವೆ ಗೀಟು ಹಾಕಿ ಒತ್ತಬೇಕು, ಅಡಿಯ ಗುರುತು ಮರೆತು ಬರಿಯ 5 ಎಂದರೆ ಅದು ಐದು ಅಂಗುಲವೆಂದೇ ತಿಳಿಯುತ್ತದೆ. ಎರಡನೆಯ ಬಿಂದು ಎಲ್ಲಿಯೋ ದೂರಕ್ಕೆ ಹಾರಿಹೋದರೆ ಎಫ್12 ಒತ್ತಿ ನೋಡಬೇಕು. ಆ ಕೀಲಿ ಆರಿದ್ದಾಗ ಒತ್ತಿದ ಅಂಕಿಗಳನ್ನು ನಕ್ಷೆಯ ಮೂಲಬಿಂದುವಿನಿಂದ ಎಣಿಸುತ್ತದೆ, ಹತ್ತಿದ್ದಾಗ ಹಿಂದಿನ ಬಿಂದುವಿನಿಂದ. ಮುಂದೆ @ ಗುರುತು ಹಾಕಿದರೆ ಎರಡು ಸ್ಥಿತಿಯಲ್ಲಿಯೂ ಹಿಂದಿನ ಬಿಂದುವಿನಿಂದಲೇ ಲೆಕ್ಕ.

ಅಳತೆಯ ಮಾನ ಇನ್ನೊಂದು. ಚೌಕದಲ್ಲಿ 10 ಎಂದು ಒತ್ತಿದಾಗ ಅದು ಹತ್ತು ಅಡಿಯೆ, ಹತ್ತು ಅಂಗುಲವೆ, ಹತ್ತು ಮಿಲಿಮೀಟರೆ ಎಂಬುದು ಆ ಕಡತದ ಅಳತೆಪಟ್ಟಿಗೆ ಸೇರಿದ ವಿಷಯ. ಅನೇಕ ತಂತ್ರಾಂಶಗಳಲ್ಲಿ ಅಂಕಿಯ ಪಕ್ಕದಲ್ಲಿಯೇ ಮಾನದ ಹೆಸರನ್ನೂ ಒತ್ತಬಹುದು, ಯಂತ್ರವೇ ಪರಿವರ್ತಿಸಿಕೊಳ್ಳುತ್ತದೆ. ಫ್ಲೆಕ್ಸ್ ಅಂಗಡಿಯ ಹುಡುಗರು ಇದೊಂದನ್ನು ರೂಢಿ ಮಾಡಿಕೊಂಡರೆ ಎಷ್ಟೋ ಬಟ್ಟೆ ಉಳಿಯುತ್ತದೆ. ಇನ್ನು ಜರ್ಮನಿ ಮೊದಲಾದ ದೇಶಗಳಲ್ಲಿ ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮವನ್ನೇ ಹಾಕುತ್ತಾರೆ. ಅಲ್ಲಿಯ ಕೀಲಿಮಣೆಯ ಫಲಕದಲ್ಲಿ ಬಿಂದು ಇರಬೇಕಾದ ಕಡೆ ಅಲ್ಪವಿರಾಮವಿರುತ್ತದೆ. ಅಲ್ಲಿರುವ ಮಗ ಪ್ರೀತಿಯಿಂದ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಎರಡೂವರೆ ಎಂಬುದು ಹತ್ತದಿದ್ದರೆ ಕಾರಣ ಇದು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕನ್ನಡದ ಅಂಕಿಗಳು. ಬೆಸ್ಟ್ ಬಸ್ಸಿನ ಮುಂಭಾಗದಲ್ಲಿ ಮರಾಠಿ ಅಂಕಿಯನ್ನು ಓದಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡದ ೬ ಯಾವುದು ೭ ಯಾವುದು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಸಂವಿಧಾನದ 343ನೆಯ ವಿಧಿಯಲ್ಲಿ ಕೇಂದ್ರದ ಆಡಳಿತಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು, ಅಂದರೆ 1, 2, 3 ಎಂಬುದನ್ನು, ಗೊತ್ತುಮಾಡಿದ್ದಾರೆ. ಬ್ಯಾಂಕಿನ ಲೆಡ್ಜರಿನಲ್ಲಿಯೂ ಅದೇ. ನನಗೆ ಅದರ ಮೇಲೆ ಜಗಳವಿಲ್ಲ. ಆದರೆ ಲಗ್ನಪತ್ರಿಕೆಯಲ್ಲಿ, ಪಂಚಾಂಗದಲ್ಲಿ, ಸಂಘದ ಫಲಕದಲ್ಲಿ ೧, ೨, ೩ ಎಂದು ಇದ್ದರೆ ಕಣ್ಣಿಗೆ ತಂಪು. ಆ ತಂಪು ಬೇಕಾದವರಿಗೆ ಅಂಕಿಗಳ ಉಪದ್ರವ ಇಮ್ಮಡಿ.

ಮೂರು ಕಾರಣಗಳಿಂದ ಕನ್ನಡ ಅಂಕಿ ಪರದೆಯ ಮೇಲೆ ಮೂಡುತ್ತದೆ, ಮೂರೂ ನೋಡಲು ಒಂದೇ ತರಹ. ಒಂದನೆಯದು ಹಳೆಯ ಫಾಂಟು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಆಕಾರಗಳನ್ನು ಇಂಗ್ಲಿಷಿನ ಅಕ್ಷರಗಳ ಜಾಗದಲ್ಲಿಯೇ ಕೂರಿಸುತ್ತಿದ್ದರು. ಕೆಲವು ಫಾಂಟುಗಳಲ್ಲಿ 5ರ ಜಾಗದಲ್ಲಿ ೫ರ ಆಕಾರವನ್ನೂ ಕೂರಿಸಿದರು. ನಮ್ಮ ಅಚ್ಚಿನ ಮನೆಗಳಲ್ಲಿ ಹಳೆಯ ಕಡತಗಳು ಇಂದಿಗೂ ಬಹುಮಟ್ಟಿಗೆ ಹೀಗೆಯೇ ಇವೆ. ಎರಡನೆಯದು ಕೀಲಿಮಣೆಯ ವಿನ್ಯಾಸ. ಕೆಲವು ಕನ್ನಡ ಕೀಲಿಮಣೆಗಳನ್ನು ಆರಿಸಿದಾಗ ಮೇಲಿನ ಸಾಲಿನ ಅಂಕಿಗಳು ನಿಜವಾದ ಕನ್ನಡ ಅಂಕಿಗಳನ್ನೇ ಕೊಡುತ್ತವೆ. ಮೂರನೆಯದು ವಿಂಡೋಸಿನ ರೀಜನ್ ಎಂಬಲ್ಲಿಯ ಏರ್ಪಾಡು. ಅಲ್ಲಿ ಸ್ಥಳೀಯ ಅಂಕಿಗಳನ್ನು ತೋರಿಸು ಎಂದು ಗುರುತು ಮಾಡಿದ್ದರೆ ಒಳಗೆ 5 ಇದ್ದರೂ ಹೊರಗೆ ೫ ಕಾಣುತ್ತದೆ.

ಇವುಗಳಲ್ಲಿ ಯಾವುದೆಂದು ತಿಳಿಯುವ ಬಗೆ ಸುಲಭ. ಆ ಅಂಕಿಯನ್ನು ಹಿಡಿದು ಫಾಂಟನ್ನು ಇಂಗ್ಲಿಷಿನ ಯಾವುದಾದರೊಂದು ಫಾಂಟಿಗೆ ಬದಲಿಸಿ ನೋಡಿ. 5 ಆಗಿಬಿಟ್ಟರೆ ಅಪರಾಧಿ ಫಾಂಟು. ಆಗದಿದ್ದರೆ ಅದೇ ಅಂಕಿಯನ್ನು ಬಲಗಡೆಯ ಫಲಕದಿಂದ ಒತ್ತಿ ನೋಡಿ. ಮೇಲಿನ ಸಾಲಿನಿಂದ ೫, ಫಲಕದಿಂದ 5 ಎಂದು ಬೇರೆ ಬೇರೆ ಬಂದರೆ ಅದು ಕೀಲಿಮಣೆಯ ವಿನ್ಯಾಸ. ಎರಡೂ ಕಡೆಯಿಂದ ೫ ಬಂದರೆ ರೀಜನ್ನಿನ ಏರ್ಪಾಡನ್ನು ತೆರೆದು ನೋಡಬೇಕು. ಯಾಕೆ ಇಷ್ಟು ಪಾಡು ಎಂದರೆ, ಅಳತೆಯ ಚೌಕಗಳು ಸಾಮಾನ್ಯವಾಗಿ 1, 2, 3 ಎಂಬ ಅಂಕಿಗಳನ್ನು ಮಾತ್ರ ಅಂಕಿಯೆಂದು ಒಪ್ಪುತ್ತವೆ. ಕನ್ನಡ ಕೀಲಿಮಣೆ ಹತ್ತಿರುವಾಗ ಅಳತೆ ಕೊಡಹೋದರೆ ಚೌಕ ತಿರಸ್ಕರಿಸುತ್ತದೆ, ಇಲ್ಲವೆ ಹಳೆಯ ಅಳತೆಗೆ ಹಿಂದಿರುಗುತ್ತದೆ. ಬರಹಕ್ಕೆ ಕನ್ನಡ, ಅಳತೆಗೆ ಇಂಗ್ಲಿಷು, ಎಂದು ಕೀಲಿಮಣೆಯನ್ನು ಬದಲಿಸುತ್ತಿರಬೇಕು. ಅಥವಾ ಅಳತೆಯನ್ನೆಲ್ಲ ಬಲಗಡೆಯ ಫಲಕದಿಂದಲೇ ಒತ್ತುವ ಅಭ್ಯಾಸ ಮಾಡಬೇಕು.

ಹಳೆಯ ಫಾಂಟಿನ ಕಡತವನ್ನು ಆ ಫಾಂಟು ಇಲ್ಲದ ಅಚ್ಚುಕೂಟಕ್ಕೆ ಕಳುಹಿಸಿದರೆ ಅಕ್ಷರಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಅಂಕಿಗಳು ಮಾತ್ರ ಇಂಗ್ಲಿಷಿನಲ್ಲಿ ಸ್ವಸ್ಥವಾಗಿ ಉಳಿದಿರುತ್ತವೆ. ಆ ಪುಟವನ್ನು ಕಂಡು ಹೆದರಬೇಡಿ. ಬರಹ ಕೆಟ್ಟಿಲ್ಲ, ಉಡುಪು ಮಾತ್ರ ಸಿಕ್ಕಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ರೋಗ ಎರಡಿವೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಬರೆಯುವ ಕೈಗೆ ಭೇದವಿಲ್ಲ, ಓದುವ ಕಣ್ಣಿಗೂ ಇಲ್ಲ. ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಪ್ರಾಣಿಗಳು. ಅನುಸ್ವಾರದ ಕೀಲಿ ಸಿಕ್ಕದವರು ಸೊನ್ನೆಯನ್ನು ಒತ್ತಿ "ಸ೦ಘ" ಎಂದು ಬರೆದರೆ ಕಾಗದದ ಮೇಲೆ ದೋಷ ಕಾಣುವುದಿಲ್ಲ. ಇನ್ನೊಂದು ಅರ್ಕಾವೊತ್ತು. ಅದರ ಆಕಾರ ೯ನ್ನು ಹೋಲುವುದರಿಂದ ಬಹಳ ಜನ ಒಂಬತ್ತನ್ನೇ ಒತ್ತಿ ಕೆಲಸ ಸಾಗಿಸುತ್ತಾರೆ. 1973ರ ನವೆಂಬರ್ 1ರಂದು ನಮ್ಮ ನಾಡಿಗೆ ಕರ್ನಾಟಕವೆಂಬ ಹೆಸರಾಯಿತು. ಆ ಹೆಸರನ್ನು "ಕನಾ೯ಟಕ" ಎಂದು ಒತ್ತಿದ ಎಷ್ಟೋ ಫಲಕಗಳನ್ನು, ಕಾಗದಗಳನ್ನು ನಾನು ಕಂಡಿದ್ದೇನೆ. ನಾಡಿನ ಹೆಸರಿನ ನಡುವೆ ಒಂದು ಒಂಬತ್ತು!

ಕಂಡರೆ ಏನಾಯಿತು, ಓದಲು ಬರುತ್ತದಲ್ಲ ಎನ್ನಬಹುದು. ಓದಲು ಬರುತ್ತದೆ, ಹುಡುಕಲು ಬರುವುದಿಲ್ಲ. ಸದಸ್ಯರ ಪಟ್ಟಿಯಲ್ಲಿ "ಸ೦ಜೀವ" ಎಂದು ಸೊನ್ನೆ ಹಾಕಿ ಬರೆದ ಹೆಸರನ್ನು ಸರಿಯಾದ ಅನುಸ್ವಾರದಿಂದ ಹುಡುಕಿದರೆ ಅದು ಸಿಕ್ಕುವುದಿಲ್ಲ. ಅಕಾರಾದಿಯಾಗಿ ಜೋಡಿಸಿದರೆ ಆ ಹೆಸರು ತನ್ನ ಸ್ಥಾನ ಬಿಟ್ಟು ಬೇರೆಲ್ಲೋ ಹೋಗಿ ಕೂರುತ್ತದೆ. ಫಾಂಟನ್ನು ಬದಲಿಸಿದಾಗ ಸೊನ್ನೆ ಸಣ್ಣದಾಗಿಯೋ ದೊಡ್ಡದಾಗಿಯೋ ಕಾಣುತ್ತದೆ, ಗುಟ್ಟು ರಟ್ಟಾಗುತ್ತದೆ. ಇದನ್ನು ತಿದ್ದಲು ಕಡತದಲ್ಲಿ ೦ ಎಲ್ಲೆಲ್ಲಿದೆ ಎಂದು ಹುಡುಕಿಸಿ ಒಂದೊಂದನ್ನೂ ನೋಡಿ ಅನುಸ್ವಾರವಾಗಿ ಬದಲಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸು ಎಂದು ಆಜ್ಞೆ ಕೊಟ್ಟರೆ ೧೦ ಎಂಬುದು ಹತ್ತಾಗಿ ಉಳಿಯದೆ, ಒಂದರ ಮುಂದೆ ಅನುಸ್ವಾರ ಕುಳಿತ ವಿಚಿತ್ರವಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಮೊದಲಾದ ತಂತ್ರಾಂಶಗಳಲ್ಲಿ ಅನುಸ್ವಾರಕ್ಕೂ ಅರ್ಕಾವೊತ್ತಿಗೂ ಅವುಗಳದೇ ಆದ ದಾರಿಗಳಿವೆ. ಒಂದು ಸಂಜೆ ಕುಳಿತು ಕಲಿಯುವಷ್ಟು ಕೆಲಸ.

ಇಷ್ಟೆಲ್ಲ ಸರಿಯಿದ್ದೂ ಬೆರಳೇ ತಪ್ಪುವುದುಂಟು. ಲೆಕ್ಕದ ಯಂತ್ರಗಳಲ್ಲಿಯೂ ಕೀಲಿಮಣೆಯ ಫಲಕದಲ್ಲಿಯೂ 7, 8, 9 ಮೇಲಿನ ಸಾಲು. 1914ರಲ್ಲಿ ಅಮೆರಿಕದ ಸಂಡ್‌ಸ್ಟ್ರಾಂಡ್ ಸಹೋದರರ ಹತ್ತು ಕೀಲಿಯ ಯಂತ್ರದಿಂದ ಬಂದ ಕ್ರಮ ಇದು. 1963ರಲ್ಲಿ ಅದೇ ದೇಶದಲ್ಲಿ ಗುಂಡಿ ಒತ್ತುವ ದೂರವಾಣಿ ಬಂದಾಗ, ಬೆಲ್ ಪ್ರಯೋಗಶಾಲೆಯವರು ಹಲವು ಕ್ರಮಗಳನ್ನು ಜನರ ಮೇಲೆ ಪರೀಕ್ಷಿಸಿದ ಬಳಿಕ, 1, 2, 3 ಮೇಲೆ ಬಂದುವು. ಮೊಬೈಲೂ ಎಟಿಎಮ್ಮೂ ದೂರವಾಣಿಯ ಕಡೆಯವು. ದಿನವಿಡೀ ಮೊಬೈಲಿನ ಮೇಲೆ ಇರುವ ಬೆರಳು ಕೀಲಿಮಣೆಗೆ ಬಂದಾಗ 1ಕ್ಕೆ 7, 2ಕ್ಕೆ 8, 3ಕ್ಕೆ 9 ಒತ್ತುತ್ತದೆ. ನಡುವಿನ 4, 5, 6 ತಪ್ಪುವುದಿಲ್ಲ, ಯಾಕೆಂದರೆ ಆ ಸಾಲು ಎರಡರಲ್ಲಿಯೂ ಒಂದೇ. ಹೀಗೆ ತಪ್ಪಿದ ಒಂದೊಂದು ಸ್ಥಾನದಲ್ಲಿಯೂ ವ್ಯತ್ಯಾಸ ಯಾವಾಗಲೂ ಆರು. 1,250 ಇರಬೇಕಾದಲ್ಲಿ 7,250 ಬಂದರೆ ವ್ಯತ್ಯಾಸ 6,000. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಳ ಬದಲಾಯಿಸಿಕೊಂಡರೆ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 540ಕ್ಕೆ 450 ಬಂದರೆ 90. ಈ ಎರಡನೆಯದನ್ನು ಬ್ಯಾಂಕಿನ ಹಿರಿಯ ಗುಮಾಸ್ತರು ಬಾಯಿಪಾಠವಾಗಿ ಬಲ್ಲರು. ಸಾಯಂಕಾಲ ಲೆಕ್ಕ ಕೂಡಿಬಾರದಿದ್ದಾಗ ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತಾರೆ. ನಕ್ಷೆಯ ಅಳತೆಗಳ ಮೊತ್ತ ಕೂಡಿಬಾರದಿದ್ದಾಗಲೂ ಈ ಉಪಾಯ ನಡೆಯುತ್ತದೆ.

ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸುವುದು ಸುಮ್ಮನೆ ಅಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ವಿಧಿಯ ಪ್ರಕಾರ ಎರಡರಲ್ಲಿ ಭೇದ ಬಂದರೆ ಅಕ್ಷರದಲ್ಲಿ ಬರೆದುದೇ ಸಲ್ಲತಕ್ಕದ್ದು. ಈ ಕಾಯಿದೆಯನ್ನು ಬರೆದವರಿಗೆ ಕೀಲಿಮಣೆ ಗೊತ್ತಿರಲಿಲ್ಲ, ಆದರೆ ಅಂಕಿಯ ಚಂಚಲತೆ ಚೆನ್ನಾಗಿ ಗೊತ್ತಿತ್ತು. ನಮ್ಮ ಸ್ಮರಣ ಸಂಚಿಕೆಯಲ್ಲಿ ದಾನಿಗಳ ಹೆಸರಿನ ಮುಂದೆ ಬರಿಯ ಅಂಕಿ ಇರುತ್ತದೆ. ಐದು ಸಾವಿರ ಕೊಟ್ಟ ಹೋಟೆಲಿನ ಹಿರಿಯರ ಮುಂದೆ ಐನೂರು ಎಂದು ಅಚ್ಚಾದರೆ ಅವರು ನಮ್ಮ ಬಳಿ ಏನೂ ಹೇಳುವುದಿಲ್ಲ; ಮುಂದಿನ ವರ್ಷ ಬಾಗಿಲು ಮಾತ್ರ ತೆರೆಯುವುದಿಲ್ಲ. ಮಕ್ಕಳ ವಿದ್ಯಾರ್ಥಿವೇತನ ಆ ಹಣದಿಂದಲೇ ನಡೆಯಬೇಕಾದುದು. ಆದಕಾರಣ ಈ ಸಲ ದೊಡ್ಡ ಮೊತ್ತಗಳನ್ನಾದರೂ ಅಕ್ಷರದಲ್ಲಿಯೂ ಅಚ್ಚುಮಾಡಬೇಕೆಂದು ಸಂಪಾದಕ ಮಂಡಳಿಯವರಲ್ಲಿ ನನ್ನ ಅರಿಕೆ. ಜಾಗ ಸಾಲದೆಂದರೆ ಅಧ್ಯಕ್ಷರ ಭಾವಚಿತ್ರವನ್ನು ಸ್ವಲ್ಪ ಸಣ್ಣದು ಮಾಡಬಹುದು. ಅಧ್ಯಕ್ಷರು ನಗುತ್ತಿದ್ದಾರೆ, ಒಪ್ಪಿಗೆಯೆಂದು ತಿಳಿಯುತ್ತೇನೆ.

ಕರಡು ತಿದ್ದುವ ಕೆಲಸಕ್ಕೂ ಒಂದು ಮಾತು. ಅಂಕಿಗಳನ್ನು ಒಬ್ಬರೇ ಕಣ್ಣಾಡಿಸಿ ತಿದ್ದಬಾರದು. ಒಬ್ಬರು ಮೂಲ ರಶೀದಿಯ ಪುಸ್ತಕವನ್ನು ಹಿಡಿದು "ಎಂಟು ಸಾವಿರದ ಇನ್ನೂರೈವತ್ತು" ಎಂದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕರಡನ್ನು ನೋಡುತ್ತ "ಎಂಟು, ಎರಡು, ಐದು, ಸೊನ್ನೆ" ಎಂದು ಬಿಡಿಯಾಗಿ ಉತ್ತರಿಸಬೇಕು. ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ, ಕಿವಿ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ದೂರವಾಣಿಯ ಅಂಕಿಗಳಿಗಂತೂ ಇದು ಬೇಕೇ ಬೇಕು. ಜಾಹೀರಾತು ಕೊಟ್ಟವರ ಅಂಗಡಿಗೆ ಬರಬೇಕಾದ ಕರೆ ಬೇರೆ ಯಾರ ಮನೆಗೋ ಹೋದರೆ ಇಬ್ಬರ ಶಾಪವೂ ಸಂಘಕ್ಕೆ.

ಈ ಮೇಜಿನ ಮೇಲೆ ಎರಡು ಕೀಲಿಮಣೆಗಳನ್ನೂ ಒಂದು ಚಿಕ್ಕ ಲ್ಯಾಪ್‌ಟಾಪನ್ನೂ ಇಟ್ಟಿದ್ದೇನೆ. ಒಂದರಲ್ಲಿ ನಮ್‌ಲಾಕನ್ನು ಆರಿಸಿದ್ದೇನೆ, ಇನ್ನೊಂದರಲ್ಲಿ ಮೌಸ್ ಕೀಸ್ ಹತ್ತಿಸಿದ್ದೇನೆ, ಲ್ಯಾಪ್‌ಟಾಪಿನಲ್ಲಿ ಸೊನ್ನೆಯನ್ನೂ ಅನುಸ್ವಾರವನ್ನೂ ಬೆರಸಿದ ಸದಸ್ಯರ ಪಟ್ಟಿಯೊಂದಿದೆ. ಚಹ ಬರುವಷ್ಟರಲ್ಲಿ ಯುವಕ ಯುವತಿಯರು ಒಬ್ಬೊಬ್ಬರಾಗಿ ಬಂದು ಯಾವುದರಲ್ಲಿ ಯಾವ ದೋಷವಿದೆಯೆಂದು ಕಂಡುಹಿಡಿಯಬಹುದು. ಕರಡು ತಿದ್ದಲು ಬರುವವರು ಹೆಸರನ್ನು ಕಾರ್ಯದರ್ಶಿಗಳ ಬಳಿ ಬರೆಸಿ. ಜೋಡಿಯಾಗಿ ಬರೆಸಿ, ಒಬ್ಬರು ಓದುವವರು, ಒಬ್ಬರು ಉತ್ತರಿಸುವವರು.